ಬಸ್‌ಸ್ಟ್ಯಾಂಡಿನಲ್ಲಿ ನೆನಪಾದ ಉತ್ತರ

ವಿಜ್ಞಾನ ಪೇಪರ್ ಮುಗಿದ ಮಧ್ಯಾಹ್ನ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ಕರೆದರು. ನೋಡಿದರೆ ನಮ್ಮದೇ ಶಾಲೆಯ ಹುಡುಗ. ಒಂದು ಕೈಯಲ್ಲಿ ಹಾಲ್ ಟಿಕೆಟ್ ಇಟ್ಟ ಪ್ಲಾಸ್ಟಿಕ್ ಪೌಚು, ಇನ್ನೊಂದರಲ್ಲಿ ನಾಲ್ಕು ಮಡಿಕೆ ಮಾಡಿದ ಪ್ರಶ್ನೆಪತ್ರಿಕೆ. ಕಣ್ಣು ಕೆಂಪಗಾಗಿತ್ತು.

"ಸರ್, ಈಗ ನೆನಪಾಯ್ತು."

"ಎಂತದು?"

"ಅಡ್ರಿನಲಿನ್ ಪ್ರಶ್ನೆ. ಒಳಗೆ ಕೂತಾಗ ಒಂದಕ್ಷರ ಬರ್ಲಿಲ್ಲ. ಗೇಟು ದಾಟಿ ಕಬ್ಬಿನಹಾಲಿನ ಅಂಗಡಿ ಹತ್ರ ಬಂದೆ ನೋಡಿ, ಪೂರ್ತಿ ನೆನಪಾಯ್ತು."

ಅಲ್ಲೇ ನಿಂತು ಒಪ್ಪಿಸಿದ. ಅಪಾಯ ಎದುರಾದಾಗ ಮೂತ್ರಪಿಂಡದ ಮೇಲಿರುವ ಗ್ರಂಥಿ ಅಡ್ರಿನಲಿನ್ ಬಿಡುತ್ತದೆ. ಎದೆ ಜೋರಾಗಿ ಬಡಿಯುತ್ತದೆ. ಉಸಿರಾಟ ಹೆಚ್ಚುತ್ತದೆ. ಹೊಟ್ಟೆಗೆ, ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳಿಗೆ ಜಾಸ್ತಿ ಹೋಗುತ್ತದೆ. ಓಡಲಿಕ್ಕೆ ಅಥವಾ ಹೊಡೆದಾಡಲಿಕ್ಕೆ ದೇಹ ತಯಾರಾಗುತ್ತದೆ.

ಅರ್ಧ ಅಂಕ ಕಡಿಯುವ ಹಾಗೂ ಇರಲಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯಾಕೆಂದರೆ ಒಳಗೆ ಅವನ ಬಾಯಿ ಕಟ್ಟಿದ್ದರಲ್ಲಿ ಆ ಉತ್ತರದ್ದೇ ದೊಡ್ಡ ಪಾಲು.

ಇಪ್ಪತ್ತು ಚಿಲ್ಲರೆ ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ಇಂಥ ಮಕ್ಕಳಿಗೆ "ಓದಿದ್ದು ಸಾಲ್ಲಿಲ್ಲ, ಇನ್ನೂ ಓದು" ಅಂತಲೇ ಹೇಳಿದವನು ನಾನೂ. ಅದು ತಪ್ಪು. ಆ ಹುಡುಗ ಮರೆತಿರಲಿಲ್ಲ. ಮರೆತಿದ್ದರೆ ಹೊರಗೆ ಬಂದ ಮೇಲೂ ನೆನಪಾಗಬಾರದಿತ್ತು, ಅಲ್ವಾ? ಅಟ್ಟದ ಮೇಲೆ ಸಾಮಾನು ಇತ್ತು. ಹತ್ತಲಿಕ್ಕೆ ಏಣಿ ಸಿಗಲಿಲ್ಲ, ಅಷ್ಟೇ.

ಏಣಿ ಯಾಕೆ ಸಿಗಲಿಲ್ಲ ಅಂತ ನೋಡೋಣ.

ನಮ್ಮ ಮಿದುಳಿನ ಆಳದಲ್ಲಿ ಬಾದಾಮಿ ಆಕಾರದ ಒಂದು ಭಾಗವಿದೆ. ಅಮಿಗ್ಡಲಾ ಅಂತ ಹೆಸರು. ಅದರ ಕೆಲಸ ಮನೆ ನಾಯಿಯ ಹಾಗೆ. ಬಂದವನು ಕಳ್ಳನೋ ಪೋಸ್ಟ್‌ಮ್ಯಾನೋ ನೋಡುವುದಿಲ್ಲ, ಮೊದಲು ಬೊಗಳುತ್ತದೆ. ತೋಟದಲ್ಲಿ ಕಾಲ ಹತ್ತಿರ ಹಾವು ಸರಿದರೂ ಬೊಗಳುತ್ತದೆ, ಪ್ರಶ್ನೆಪತ್ರಿಕೆಯ ಮೊದಲ ಪುಟ ಕಷ್ಟ ಅನ್ನಿಸಿದರೂ ಬೊಗಳುತ್ತದೆ. ಆ ಸದ್ದಿಗೆ ಹೈಪೊಥಲಾಮಸ್ ಏಳುತ್ತದೆ. ನರಗಳ ಮೂಲಕ ಸುದ್ದಿ ಹೋಗಿ ಕ್ಷಣದಲ್ಲಿ ಅಡ್ರಿನಲಿನ್ ಬರುತ್ತದೆ. ಪಿಟ್ಯುಟರಿ ಗ್ರಂಥಿಯ ದಾರಿಯಲ್ಲಿ ಸ್ವಲ್ಪ ನಿಧಾನಕ್ಕೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಬರುತ್ತದೆ. ಕೈ ಬೆವರಿ ಉತ್ತರಪತ್ರಿಕೆ ಒದ್ದೆಯಾಗುವುದು, ಹೊಟ್ಟೆ ತೊಳಸುವುದು, ಹತ್ತು ನಿಮಿಷಕ್ಕೊಮ್ಮೆ "ಸರ್, ಒಂದಕ್ಕೆ" ಅನ್ನುವುದು ಎಲ್ಲ ಈ ಲೆಕ್ಕದ್ದೇ. ಇದರಲ್ಲಿ ನಾಟಕವಿಲ್ಲ, ಪುಕ್ಕಲುತನವೂ ಇಲ್ಲ.

ಓಡಬೇಕಾದವನಿಗೆ ಇದೆಲ್ಲ ಬೇಕು. ಮೂರು ತಾಸು ಕೂತು ಬರೆಯಬೇಕಾದವನಿಗೆ ಇದರಿಂದ ಒಂದು ತೊಂದರೆ ಇದೆ. ಹಣೆಯ ಹಿಂದೆ ಮಿದುಳಿನ ಮುಂಭಾಗವಿದೆ. ಯೋಚಿಸುವುದು, ಸಾಲಾಗಿ ಜೋಡಿಸುವುದು, ಬೇಕಾದ್ದನ್ನು ನೆನಪಿನಿಂದ ಎಳೆದು ತರುವುದು ಅದರ ಕೆಲಸ. ಈ ಹಾರ್ಮೋನುಗಳ ಪ್ರಮಾಣ ಮಿತಿ ಮೀರಿದರೆ ಅದು ಮಂಕಾಗುತ್ತದೆ. ಹಾವಿನ ಎದುರು ನಿಂತವನು ಪೈಥಾಗೊರಸನನ್ನು ನೆನಪು ಮಾಡಿಕೊಳ್ಳುತ್ತ ಕೂತರೆ ಬದುಕುವುದಿಲ್ಲವಲ್ಲ.

ಇನ್ನೊಂದು ಸಂಗತಿಯೂ ಇದೆ. ಒಂದು ಹೊತ್ತಿನಲ್ಲಿ ನಾವು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡಬಹುದಾದ ಸಂಗತಿಗಳು ನಾಲ್ಕರ ಆಸುಪಾಸು ಮಾತ್ರ. ನಾಲ್ಕು ಜನ ಕೂರುವ ಜಗಲಿ ಅಂದುಕೊಳ್ಳಿ. ಗಣಿತದ ಸೂತ್ರ ಒಂದು, ಕೊಟ್ಟ ಬೆಲೆಗಳು ಎರಡು, ಮಾಡಬೇಕಾದ ಹಂತ ಒಂದು ಅಂತ ಕೂತರೆ ಜಗಲಿ ತುಂಬಿತು. ಅಷ್ಟರಲ್ಲಿ "ಫೇಲಾದ್ರೆ ಅಪ್ಪಯ್ಯ ಎಂತ ಹೇಳ್ತಾರೋ" ಅನ್ನುವುದು ಬಂದು ಕೂರುತ್ತದೆ. ಅದರ ಬೆನ್ನಿಗೆ "ಪಕ್ಕದವ್ಳು ಆಗ್ಲೇ ಎಕ್ಸ್‌ಟ್ರಾ ಶೀಟು ತಗೊಂಡ್ಲು" ಅನ್ನುವುದು. ಸೂತ್ರಕ್ಕೆ ಜಾಗವಿಲ್ಲ, ಎದ್ದು ಹೋಗುತ್ತದೆ. ಪರೀಕ್ಷೆ ಮುಗಿಯಿತು ಅಂದ ಕೂಡಲೇ ಆ ಇಬ್ಬರೂ ಎದ್ದು ಹೋಗುತ್ತಾರೆ. ಸೂತ್ರ ವಾಪಸ್ ಬಂದು ಕೂರುತ್ತದೆ. ಅಷ್ಟು ಹೊತ್ತಿಗೆ ಹುಡುಗ ಬಸ್‌ಸ್ಟ್ಯಾಂಡಿನಲ್ಲಿರುತ್ತಾನೆ.

ಹಾಗಂತ ಹೆದರಿಕೆ ಚೂರೂ ಇರಬಾರದು ಅಂತಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಬೆಂಕಿ ಸಾಲದಿದ್ದರೆ ಕಬ್ಬಿನಹಾಲು ಹಾಲಾಗಿಯೇ ಉಳಿಯುತ್ತದೆ. ಜಾಸ್ತಿಯಾದರೆ ತಳ ಹಿಡಿಯುತ್ತದೆ. ಜೋನಿಬೆಲ್ಲ ಆಗುವುದು ನಡುವಿನ ಉರಿಯಲ್ಲಿ. ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡದ್ದೂ ಹೆಚ್ಚುಕಡಿಮೆ ಇದನ್ನೇ. ಕೆಲಸ ಕಷ್ಟದ್ದಾದಷ್ಟೂ ಬೆಂಕಿ ಸಣ್ಣದಿರಬೇಕು ಅನ್ನುವುದು ಅವರಿಗೆ ಕಂಡ ಇನ್ನೊಂದು ವಿಷಯ. ಮಾರ್ಚ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಬೆಂಕಿ ಸಣ್ಣದಾಗುವುದು ನಾನಂತೂ ನೋಡಿಲ್ಲ. ಅಪ್ಪ ಒಂದು ಕೊಳ್ಳಿ ಇಡುತ್ತಾನೆ, ಮಾವ ಫೋನಿನಲ್ಲಿ ಒಂದು, ಮೇಷ್ಟ್ರು ಎರಡು.

ಮೇಷ್ಟ್ರಿಗೂ ಕೊಳ್ಳಿ ಇಡುವವರಿದ್ದಾರೆ ಅನ್ನುವುದನ್ನು ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡದಲ್ಲಿ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ. ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಅನ್ನುವ ಪಟ್ಟಿ ಬರುತ್ತದೆ. ಆ ಪಟ್ಟಿಯ ಭಾರ ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಹದಿನೈದು ವರ್ಷದ ಮಗುವಿನ ಹೆಗಲಿಗೆ ಬರುತ್ತದೆ. ಅದಕ್ಕಿಂತ ಕೆಳಗೆ ಇಳಿಸಲಿಕ್ಕೆ ಯಾರೂ ಇಲ್ಲ.

ಸರಿ, ಹಾಲ್‌ನಲ್ಲಿ ಕೂತ ಮಗು ಏನು ಮಾಡಬಹುದು? ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಶ್ನೆಪತ್ರಿಕೆ ಓದಲಿಕ್ಕೇ ಅಂತ 15 ನಿಮಿಷ ಕೊಡುತ್ತಾರೆ. ತುಂಬಾ ಮಕ್ಕಳು ಆ ಹೊತ್ತಿನಲ್ಲಿ ಬರದ ಪ್ರಶ್ನೆ ಹುಡುಕುತ್ತಾರೆ. ಕಣ್ಣು ಅಲ್ಲಿಗೇ ಹೋಗುತ್ತದೆ, ಏನು ಮಾಡುವುದು. ಬರುವ ಪ್ರಶ್ನೆಗೆ ತಲೆಯಲ್ಲೇ ಗುರುತು ಹಾಕಿಕೊಳ್ಳಿ ಅಂತ ನಾನು ಹೇಳುತ್ತೇನೆ. ಮೊದಲು ಅದನ್ನೇ ಬರೆಯಿರಿ. ಎರಡು ಉತ್ತರ ಬರೆದರೆ ನಾಯಿ ಬೊಗಳುವುದು ಅರ್ಧ ನಿಲ್ಲುತ್ತದೆ.

ಪೂರ್ತಿ ಖಾಲಿ ಅನ್ನಿಸಿದರೆ ಪೆನ್ನು ಕೆಳಗಿಡಬೇಕು. ಎರಡೂ ಪಾದ ನೆಲಕ್ಕೆ ಊರಿ, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಏಳು ಎಣಿಸುವಷ್ಟು ನಿಧಾನಕ್ಕೆ ಹೊರಗೆ. ಹೀಗೆ ಐದಾರು ಸಲ. ಇದರಲ್ಲಿ ಮಂತ್ರ ತಂತ್ರ ಏನಿಲ್ಲ. ಉಸಿರು ಹೊರಗೆ ಬಿಡುವಾಗ ವೇಗಸ್ ಅನ್ನುವ ನರ ಎದೆಬಡಿತವನ್ನು ಸ್ವಲ್ಪ ತಗ್ಗಿಸುತ್ತದೆ. ಹೊರಗೆ ಬಿಡುವುದನ್ನು ಉದ್ದ ಮಾಡಿದರೆ ಆ ತಗ್ಗಿಸುವ ಹೊತ್ತೂ ಉದ್ದವಾಗುತ್ತದೆ. ದೊಡ್ಡದಾಗಿ ಉಸಿರು ಎಳೆದುಕೋ ಅಂತ ನಾವು ಹೇಳುತ್ತೇವಲ್ಲ, ಅದು ಅರ್ಧ ಮಾತು. ಬಿಡುವುದು ಮುಖ್ಯ. ಎರಡು ನಿಮಿಷ ಹಾಳಾಗುತ್ತದೆ ಅಂತ ಮಕ್ಕಳಿಗೆ ಹೆದರಿಕೆ. ಖಾಲಿ ಹಾಳೆ ನೋಡುತ್ತಾ ಕೂತರೆ ಇಪ್ಪತ್ತು ನಿಮಿಷ ಹೋಗುತ್ತದೆ. ಇದನ್ನು ಹಿಂದಿನ ವಾರದಿಂದ ಮನೆಯಲ್ಲಿ ಮಾಡಿ ರೂಢಿಯಾಗಿರಬೇಕು. ಈಜು ಕಲಿಯುವುದು ಹೊಳೆಯಲ್ಲಿ ಮುಳುಗುವಾಗ ಅಲ್ಲ.

ಇನ್ನೊಂದು ಉಪಾಯ ನನಗೆ ಮೊದಲು ಕೇಳಿದಾಗ ತಮಾಷೆ ಅನ್ನಿಸಿತ್ತು. 2011ರಲ್ಲಿ ರಮಿರೆಜ್ ಮತ್ತು ಬೈಲಾಕ್ ಅನ್ನುವ ಸಂಶೋಧಕರು ಪರೀಕ್ಷೆಗೆ ಸ್ವಲ್ಪ ಮೊದಲು ಹತ್ತು ನಿಮಿಷ ಮಕ್ಕಳಿಂದ ತಮ್ಮ ಹೆದರಿಕೆಯನ್ನೇ ಬರೆಸಿದರು. ಜಾಸ್ತಿ ಹೆದರುತ್ತಿದ್ದ ಮಕ್ಕಳು ಅದರಿಂದ ಚೆನ್ನಾಗಿ ಬರೆದರು. ಜಗಲಿಯಲ್ಲಿ ಕೂತಿದ್ದವರನ್ನು ಹಾಳೆಗೆ ಇಳಿಸಿದ ಹಾಗೆ. ಎಲ್ಲರಿಗೂ ಆಗಿಬರುತ್ತದೆ ಅಂತ ನಾನು ಬರೆದುಕೊಡುವುದಿಲ್ಲ. ಆದರೆ ಖರ್ಚು ಒಂದು ಹಾಳೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ಗಣಿತ ಪೇಪರ್ ದಿನ ಬಸ್ಸಿನಲ್ಲೇ ಬರೆದು, ಇಳಿಯುವಾಗ ಹರಿದು ಕಿಟಕಿಯಿಂದ ಎಸೆದಳಂತೆ. ಎಸೆದದ್ದು ಸರಿಯಲ್ಲ, ಬರೆದದ್ದು ಸರಿ.

ಓದುವ ರೀತಿಯೂ ಹೆದರಿಕೆ ಹೆಚ್ಚಿಸುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಒಂದೇ ಪಾಠವನ್ನು ಐದು ಸಲ ಓದಿದರೆ ಪುಟ ಪರಿಚಯವಾಗುತ್ತದೆ. ಪರಿಚಯವಾದದ್ದನ್ನು ಮಗು "ಬರ್ತದೆ" ಅಂದುಕೊಳ್ಳುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಸಂಶೋಧಕರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರ ಕೇಳಿದರೆ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿದ್ದವರೇ ಮುಂದೆ. ಬರೀ ಓದಿದ ಮಗುವಿಗೆ ತನಗೆ ಬರುವುದಿಲ್ಲ ಅಂತ ಗೊತ್ತಾಗುವುದು ಹಾಲ್‌ನಲ್ಲೇ, ಮೊದಲ ಸಲ. ಹೆದರಿಕೆ ಆಗದೆ ಇನ್ನೇನು? ಮುಚ್ಚಿ ಬರೆದು ನೋಡಿದವನಿಗೆ ಆ ಕೆಟ್ಟ ಸುದ್ದಿ ಮನೆಯಲ್ಲೇ, ಆಯಿ ಮಾಡಿದ ದೋಸೆ ತಿನ್ನುತ್ತಾ ಸಿಕ್ಕಿರುತ್ತದೆ.

ಈಗ ನಿದ್ದೆ. ಇಲ್ಲಿ ನನಗೂ ನಮ್ಮ ಊರಿನ ಹಿರಿಯರಿಗೂ ಜಗಳ. ನಾಲ್ಕು ಗಂಟೆಗೆ ಎಬ್ಬಿಸಿದರೆ ತಲೆಗೆ ಹತ್ತುತ್ತದೆ ಅನ್ನುವುದು ಅವರ ವಾದ. ಎಂಟಕ್ಕೆ ಮಲಗಿದ್ದರೆ ನನ್ನ ತಕರಾರಿಲ್ಲ. ಆದರೆ ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ದೊಡ್ಡವರಿಗಿಂತ ತಡವಾಗಿ ಬರುತ್ತದೆ. ಹನ್ನೊಂದಾದರೂ ನಿದ್ದೆ ಬಾರದ್ದು ಮೊಬೈಲಿನ ತಪ್ಪು ಮಾತ್ರವಲ್ಲ. ಹನ್ನೆರಡಕ್ಕೆ ಮಲಗಿದವನನ್ನು ನಾಲ್ಕಕ್ಕೆ ಎಬ್ಬಿಸಿದರೆ ನಾಲ್ಕೇ ತಾಸು. ಆ ವಯಸ್ಸಿಗೆ ಬೇಕಾದ್ದು 8ರಿಂದ 10 ತಾಸು. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿ ಒಳಗಿಡುವ ಕೆಲಸ ಬಹುಪಾಲು ನಡೆಯುವುದು ನಿದ್ದೆಯಲ್ಲೇ. ನಿದ್ದೆ ಬಿಡಿಸಿ ಓದಿಸುವುದು ಅಂದರೆ ಅಡಿಕೆ ಕೊಯ್ದು ಅಂಗಳದಲ್ಲಿ ಹಾಕಿ, ಒಣಗಲು ಬಿಡದೆ ಮತ್ತಷ್ಟು ಕೊಯ್ದು ಮೇಲೆ ಸುರಿದ ಹಾಗೆ.

ರಾತ್ರಿ ಹತ್ತಕ್ಕೆ ಕೊಡುವ ಸ್ಟ್ರಾಂಗ್ ಚಾ ಕೂಡ ಹೀಗೇ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ತಾಸಿನ ನಂತರವೂ ಮೈಯಲ್ಲಿ ಇರುತ್ತದೆ. ಅದರ ಬದಲು ಹೊಸ ಅಪ್ಪೆಮಿಡಿಯ ಕಾಲವಲ್ಲವೇ, ಊಟಕ್ಕೆ ಆ ಮಾವಿನಮಿಡಿಯ ಸಾರು, ಅಪ್ಪೆಹುಳಿ ಮಾಡಿ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ವಿಜ್ಞಾನದ ಮೇಷ್ಟ್ರಾಗಿ ನನಗೆ ಅದಕ್ಕೆ ಪುರಾವೆ ಕೊಡಲಾಗದು. ಕುಡಿದವನಾಗಿ ಆಕಳಿಸಿದ್ದೇನೆ.

ಕರಾವಳಿ ಕಡೆ ಸೆಕೆ ಒಂದು ದೊಡ್ಡ ಉಪದ್ರ. ಮಾರ್ಚ್ ಕೊನೆಗೆ ಅಂಕೋಲಾ, ಕಾರವಾರದಲ್ಲಿ ರಾತ್ರಿ ಕರೆಂಟು ಹೋದರೆ ಮಲಗಿದವರ ಪಾಡು ದೇವರಿಗೇ ಪ್ರೀತಿ. ಮಗುವಿನ ಹಾಸಿಗೆ ಮನೆಯಲ್ಲಿ ಗಾಳಿ ಬರುವ ಜಾಗಕ್ಕೆ ಹೋಗಲಿ. ಆ ಒಂದು ತಿಂಗಳು ಅಜ್ಜನ ಜಾಗ ಬದಲಾದರೆ ಅಜ್ಜ ಬೇಸರ ಮಾಡುವುದಿಲ್ಲ. ಘಟ್ಟದ ಮೇಲೆ ಬೇರೆ ತಲೆಬಿಸಿ. ಯಕ್ಷಗಾನದ ಆಟಗಳು ಮುಗಿದಿರುವುದಿಲ್ಲ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದೂ ಹೆಚ್ಚುಕಡಿಮೆ ಇದೇ ದಿನಗಳಲ್ಲಿ. 2024ರಲ್ಲಂತೂ ಜಾತ್ರೆಯೂ ಎಸ್‌ಎಸ್‌ಎಲ್‌ಸಿಯೂ ಒಂದಕ್ಕೊಂದು ತಾಗಿಕೊಂಡೇ ಬಂದವು. ಜಾತ್ರೆಗೆ ಹೋಗಬೇಡ ಅಂತ ಮಗುವನ್ನು ಮನೆಯಲ್ಲಿ ಕಟ್ಟಿ ಹಾಕಿದರೆ ಅದರ ಕಿವಿ ಪುಸ್ತಕದ ಮೇಲಿರುತ್ತದಾ? ಸಂಜೆ ಎರಡು ತಾಸು ಹೋಗಿ, ತೊಟ್ಟಿಲಲ್ಲಿ ಒಂದು ಸುತ್ತು ತಿರುಗಿ, ಬೆಂಡುಬತ್ತಾಸು ತಂದು ಮಲಗಲಿ. ನನ್ನ ಮಾತು ಕೇಳಿ ಹಾಗೆ ಕಳಿಸಿದವರು ಯಾರೂ ಬಂದು ನನ್ನನ್ನು ಬೈದಿಲ್ಲ.

ಇನ್ನು ಮನೆಯ ಮಾತು. ಪೇಪರ್ ಮುಗಿಸಿ ಬಂದ ಮಗು ಚಪ್ಪಲಿ ಬಿಡುವ ಮೊದಲೇ "ಪೇಪರ್ ಹ್ಯಾಂಗಾತು? ಎಷ್ಟು ಬರ್ಬಹುದು?" ಅಂತ ಕೇಳುತ್ತೇವೆ. ನಾನೂ ಕೇಳಿದವನೇ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಪ್ರಶ್ನೆಪತ್ರಿಕೆ ಇಸಿದುಕೊಂಡು, ಊಟದ ಬಾಳೆಯ ಪಕ್ಕದಲ್ಲೇ ಇಟ್ಟು, ಒಂದೊಂದೇ ಉತ್ತರ ಕೇಳಿದೆ. ಮೂರನೇ ತಪ್ಪು ಸಿಕ್ಕಿದಾಗ ಅವಳು ಅನ್ನ ಬಿಟ್ಟು ಎದ್ದಳು. ಮರುದಿನ ಸಮಾಜ ವಿಜ್ಞಾನದ ಪೇಪರಿತ್ತು. ಮುಗಿದ ಪೇಪರಿನ ಮೂರು ತಪ್ಪನ್ನು ನಾನು ಮುಂದಿನ ಪೇಪರಿನ ಜಗಲಿಯಲ್ಲಿ ಕೂರಿಸಿದ್ದೆ. ನನ್ನ ಹೆಂಡತಿ ಅಂದು ನನ್ನ ಹತ್ತಿರ ಮಾತಾಡಲಿಲ್ಲ. ನ್ಯಾಯವೇ.

"ಆಸರಿಗೆ ಬೇಕನಾ?" ಅಂತ ಕೇಳಿ ಸಾಕು. ಒಂದು ಲೋಟ ಮುರುಗಲ ಹಣ್ಣಿನ ಪಾನಕ ಕೊಡಿ. ಹೇಳಬೇಕಾದ್ದಿದ್ದರೆ ಮಗುವೇ ಹೇಳುತ್ತದೆ. "ನೀ ಹುಷಾರಿದ್ದೆ, ನಿಂಗೆ ಎಲ್ಲಾ ಬರ್ತು" ಅನ್ನುವ ಹೊಗಳಿಕೆಯೂ ಕೆಲವೊಮ್ಮೆ ಭಾರವೇ. ಬಾರದಿದ್ದರೆ ಹುಷಾರಿಯ ಪಟ್ಟ ಹೋಗುತ್ತದಲ್ಲ. ಘಟ್ಟದ ಒಳಗಿನ ಊರುಗಳಿಂದ ಸೆಂಟರಿಗೆ ಹತ್ತಿರ ಅಂತ ಅತ್ತೆ ಮನೆಯಲ್ಲೋ ದೊಡ್ಡಮ್ಮನ ಮನೆಯಲ್ಲೋ ಒಂದು ತಿಂಗಳು ಉಳಿಯುವ ಮಕ್ಕಳಿಗೆ ಇದು ಇನ್ನೂ ಕಷ್ಟ. ಬೇರೆಯವರ ಮನೆಯಲ್ಲಿ ಅಳಲಿಕ್ಕೂ ನಾಚಿಕೆ. ದಿನಾ ರಾತ್ರಿ ಒಂದು ಫೋನು ಮಾಡಿ, ಹಟ್ಟಿಯಲ್ಲಿ ಕರು ಹುಟ್ಟಿದ್ದು ಹೇಳಿ, ಅಂಕದ ಸುದ್ದಿ ಬಿಡಿ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಿನ ಮಕ್ಕಳ ವಿಷಯ. ಕೆಲವು ಮಕ್ಕಳಿಗೆ ಇಷ್ಟು ಸಾಲುವುದಿಲ್ಲ. ಎರಡು ವಾರ ಕಳೆದರೂ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟೂ ಬೇಡ, ಗೆಳೆಯರೂ ಬೇಡ. ಸುಮ್ನೆ ಗೋಡೆ ನೋಡುತ್ತಾ ಕೂರುವುದು. ತನ್ನ ಇಷ್ಟದ ವಸ್ತು ಬೇರೆಯವರಿಗೆ ಕೊಟ್ಟುಬಿಡುವುದು. "ನಾ ಇಲ್ದೇ ಇದ್ರೆ ನಿಮಗೆಲ್ಲ ಆರಾಮು" ಅನ್ನುವ ಮಾತು. ಇದನ್ನು ನಾಟಕ ಅಂತ ತಳ್ಳಬಾರದು. ಪಕ್ಕ ಕೂತು ನೇರವಾಗಿ ಕೇಳಬೇಕು: "ಸಾಯ್ಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಅಂತ ಎಲ್ಲರಿಗೂ ಅಂಜಿಕೆ. ಹಾಗಾಗುವುದಿಲ್ಲ. ಕೇಳಿದವರೊಬ್ಬರು ಸಿಕ್ಕಿದರು ಅಂತ ಮಗುವಿಗೆ ಎದೆ ಹಗುರಾಗುತ್ತದೆ. ಹೌದು ಅಂದರೆ ಉಪದೇಶ ಶುರು ಮಾಡಬೇಡಿ. ಒಬ್ಬರನ್ನೇ ಬಿಡಬೇಡಿ. ಅಂದೇ ಸಹಾಯ ಹುಡುಕಿ.

ಸಹಾಯ ಬೆಂಗಳೂರಿನಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೂ ಮಾಡಬಹುದು, ತಾಯಿಯೂ ಮಾಡಬಹುದು. 18 ವರ್ಷದೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇವೆ. ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಹೊರಡುವ ಮೊದಲು ಆಸ್ಪತ್ರೆಗೆ ಒಂದು ಫೋನು ಮಾಡಿಕೊಂಡರೆ ಬಸ್ಸಿನ ಓಡಾಟ ಉಳಿಯುತ್ತದೆ. ಕಾರವಾರದ ಕಡೆಯವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಹತ್ತಿರ. "ಜನ ಎಂತ ಹೇಳ್ತ್ರು" ಅನ್ನುವವರಿಗೆ ನಾನು ಕೇಳುವುದಿಷ್ಟೇ: ಮಗುವಿಗೆ ಕಾಮಾಲೆ ಆದಾಗ ಜನರನ್ನು ಕೇಳಿ ಔಷಧಿ ಕೊಡಿಸಿದಿರಾ?

ಪರೀಕ್ಷೆ ಮುಗಿದರೂ ಕಾವಲು ಮುಗಿಯುವುದಿಲ್ಲ. ಫಲಿತಾಂಶದ ದಿನ ಇನ್ನೂ ಸೂಕ್ಷ್ಮ. ನಮ್ಮ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ. ಅವತ್ತು ಅರ್ಧ ಊರೇ ಅಲ್ಲಿರುತ್ತದೆ. ಒಂದು ಮೊಬೈಲಿನಲ್ಲಿ ಹತ್ತು ಮಕ್ಕಳ ನಂಬರು ಹಾಕಿ, ಎಲ್ಲರೆದುರು ಅಂಕ ಓದುತ್ತಾರೆ. ಇದು ನಿಲ್ಲಬೇಕು. ಮಗುವಿನ ಅಂಕ ಮೊದಲು ಮಗು ನೋಡಲಿ, ಊರು ಆಮೇಲೆ ನೋಡಲಿ. ಇನ್ನೊಂದು ಮಾತು ಮಗುವಿಗೆ ಪರೀಕ್ಷೆಯ ಮೊದಲೇ ತಿಳಿದಿರಬೇಕು. 2024ರಿಂದ ಒಂದೇ ವರ್ಷದಲ್ಲಿ ಇನ್ನೊಮ್ಮೆ ಪರೀಕ್ಷೆ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ವರ್ಷ ಹಾಳಾಯಿತು ಅನ್ನುವ ಹಳೇ ಹೆದರಿಕೆಗೆ ಈಗ ಅಷ್ಟು ಕಾರಣವಿಲ್ಲ.

ಆ ಅಡ್ರಿನಲಿನ್ ಹುಡುಗನೂ ಫಲಿತಾಂಶದ ದಿನ ಗುಡ್ಡ ಹತ್ತಿ ನನಗೆ ಫೋನು ಮಾಡಿದ್ದ. ಗಾಳಿಯ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ.

"ಸರ್, ವಿಜ್ಞಾನದಲ್ಲಿ ಅರವತ್ತೆಂಟು."

"ಆಯಿಗೆ ಹೇಳಿದ್ಯಾ?"

"ಇಲ್ಲ ಸರ್, ಇನ್ನೂ ಕೆಳಗೆ ಹೋಗ್ಬೇಕು. ಅವ್ಳು ಬೆಳಿಗ್ಗೇನೇ ಪಾಯಸ ಮಾಡಿಟ್ಟಿದ್ಲು. ನಾ ತಿಂದ್ಕೊಂಡೇ ಬಂದೆ."